ಪರರ ಅಂಗಳದ ಫೈನಲ್

ನಾಳೆ, 2025ರ ಏಪ್ರಿಲ್ 12, ಶನಿವಾರ. ಸಂಜೆ ಏಳೂವರೆಗೆ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಐಎಸ್‌ಎಲ್ ಫೈನಲ್. ಒಂದು ಕಡೆ ಮೋಹನ್ ಬಾಗಾನ್, ಇನ್ನೊಂದು ಕಡೆ ನಮ್ಮ ಬೆಂಗಳೂರು ಎಫ್‌ಸಿ. ನೀವು ಇದನ್ನು ಓದುವ ಹೊತ್ತಿಗೆ ಯಾರು ಗೆದ್ದರೆಂಬುದು ನಿಮಗೆ ಗೊತ್ತಿರುತ್ತದೆ. ನನಗಿನ್ನೂ ಗೊತ್ತಿಲ್ಲ. ಡೊಂಬಿವಲಿಯ ಮನೆಯಲ್ಲಿ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಕೂತು ಬರೆಯುತ್ತಿರುವ ನನ್ನ ಹತ್ತಿರ ಇರುವುದು ಕಾದು ಕಳೆದ ಈ ಒಂದು ವಾರ ಮಾತ್ರ.

ಫುಟ್‌ಬಾಲ್ ನೋಡದವರಿಗಾಗಿ ಎರಡು ಮಾತು. ಈ ಆಟದಲ್ಲಿ ಪ್ರತಿ ಮೈದಾನಕ್ಕೂ ಒಬ್ಬ ಯಜಮಾನ ಇರುತ್ತಾನೆ. ಸ್ವಂತ ಅಂಗಳದಲ್ಲಿ ಆಡಿದರೆ ‘ಹೋಮ್’, ಎದುರಾಳಿಯ ಅಂಗಳಕ್ಕೆ ಹೋಗಿ ಆಡಿದರೆ ‘ಅವೇ’. ಅವೇ ಪಂದ್ಯದಲ್ಲಿ ಹೊರಗಿನಿಂದ ಬಂದ ಬೆಂಬಲಿಗರಿಗೆ ಗ್ಯಾಲರಿಯ ಒಂದು ಮೂಲೆ. ಸುತ್ತ ಅವರ ಬಣ್ಣ, ಅವರ ಭಾಷೆ, ಅವರ ಡೋಲು. ಈ ಸಲದ ಫೈನಲ್ ಲೀಗ್‌ನಲ್ಲಿ ಮೇಲಿನ ಸ್ಥಾನ ಪಡೆದವರ ಅಂಗಳದಲ್ಲಿ. ಬಾಗಾನ್ 56 ಅಂಕ ಗಳಿಸಿ ಮೊದಲನೆಯದಾಯಿತು, ನಾವು 38 ಅಂಕದೊಂದಿಗೆ ಮೂರನೆಯವರು. ಲೆಕ್ಕ ನೋಡಿದರೆ ನಮಗೆ ಹೆಚ್ಚು ಆಸೆ ಇರಬಾರದು. ಆದರೆ ಲೆಕ್ಕ ನೋಡುವುದು ನನ್ನ ಹೊಟ್ಟೆಪಾಡು, ಆಸೆಯ ವಿಷಯ ಬೇರೆ.

ಇಲ್ಲಿಯವರೆಗೆ ಬಂದದ್ದೇ ಒಂದು ಕತೆ. ಮಾರ್ಚ್ 29ರಂದು ಕಂಠೀರವದಲ್ಲಿ ಮುಂಬೈ ಸಿಟಿ ತಂಡವನ್ನು 5–0 ಗೋಲುಗಳಿಂದ ಸೋಲಿಸಿದರು. ಐದು ಗೋಲು, ಐದು ಜನ ಹೊಡೆದದ್ದು. ಮರುದಿನ ಯುಗಾದಿ. ಡೊಂಬಿವಲಿಯವರಿಗೆ ಅದೇ ಗುಡಿ ಪಾಡ್ವಾ, ಫಡ್ಕೆ ರಸ್ತೆಯಲ್ಲಿ ಶೋಭಾಯಾತ್ರೆ. ನಮ್ಮ ಮನೆಯಲ್ಲಿ ಹದಿಮೂರು ವರ್ಷದ ಮಗಳು ಮುಂಬೈ ಸಿಟಿಯ ಬೆಂಬಲಿಗಳು. ಬೇವು-ಬೆಲ್ಲದ ಬಟ್ಟಲು ಹಿಡಿದು ಹೋದರೆ, “ಪಪ್ಪಾ, ಬೆಲ್ಲ ಎಲ್ಲಾ ನೀವೇ ತಿನ್ರಿ, ನನಗ ನಿನ್ನೆ ರಾತ್ರಿನೇ ಬೇವು ಆಗೇದ” ಎಂದು ಬಾಗಿಲು ಹಾಕಿಕೊಂಡಳು.

ಆಮೇಲೆ ಸೆಮಿಫೈನಲ್. ಏಪ್ರಿಲ್ 2ರಂದು ಬೆಂಗಳೂರಿನಲ್ಲಿ ಗೋವಾ ವಿರುದ್ಧ 2–0. ಏಪ್ರಿಲ್ 6ರ ಭಾನುವಾರ ಫತೋರ್ಡಾದಲ್ಲಿ ಗೋವಾದವರು ಎರಡೂ ಗೋಲು ತೀರಿಸಿದರು. ಎರಡನೆಯದು ಬಿದ್ದದ್ದು 88ನೇ ನಿಮಿಷದಲ್ಲಿ. ನಾನು ಟಿವಿ ಮುಂದಿನಿಂದ ಎದ್ದು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ತಲೆ ಕೊಟ್ಟರು, ಒಟ್ಟು 3–2. ಛೆಟ್ರಿಗೆ ನಲವತ್ತು, ನನಗಿಂತ ಮೂರು-ನಾಲ್ಕು ವರ್ಷ ಚಿಕ್ಕವರು. ಕಳೆದ ಜೂನ್‌ನಲ್ಲಿ ಇದೇ ಸಾಲ್ಟ್ ಲೇಕ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿ, ಈ ಮಾರ್ಚ್‌ನಲ್ಲಿ ಮತ್ತೆ ಬಂದವರು. ನಮ್ಮಂಥವರು ಎರಡು ಮಹಡಿ ಹತ್ತಿ ಉಸ್ಸೆಂದು ಕೂರುವ ವಯಸ್ಸಿನಲ್ಲಿ ಅಷ್ಟೆತ್ತರಕ್ಕೆ ಜಿಗಿಯುವುದು ಹೇಗೆಂದು ನನ್ನ ಹೆಂಡತಿ ಕೇಳಿದಳು. ಪ್ರಶ್ನೆ ಅವರ ಬಗ್ಗೆಯೋ ನನ್ನ ಬಗ್ಗೆಯೋ ತಿಳಿಯಲಿಲ್ಲ.

ಸೋಮವಾರ ರಾತ್ರಿ ಇನ್ನೂ ವಿಚಿತ್ರ. ವಾಂಖೆಡೆಯಲ್ಲಿ ಆರ್‌ಸಿಬಿ–ಮುಂಬೈ ಇಂಡಿಯನ್ಸ್ ಕ್ರಿಕೆಟ್. ಅದೇ ಹೊತ್ತಿಗೆ ಕೋಲ್ಕತ್ತಾದಲ್ಲಿ ಬಾಗಾನ್–ಜೆಮ್‌ಶೆಡ್‌ಪುರ ಎರಡನೇ ಸೆಮಿಫೈನಲ್. ಸೊಸೈಟಿಯ ಎಲ್ಲ ಟಿವಿಗಳಲ್ಲೂ ಕ್ರಿಕೆಟ್, ನನ್ನ ಫೋನಿನಲ್ಲಿ ಮಾತ್ರ ಫುಟ್‌ಬಾಲ್. ಜೆಮ್‌ಶೆಡ್‌ಪುರ ಲೀಗ್‌ನಲ್ಲಿ ಐದನೆಯದು, ಅವರು ಗೆದ್ದರೆ ಫೈನಲ್ ಕಂಠೀರವಕ್ಕೆ. ಎರಡು ಪಂದ್ಯಗಳ ಮೊತ್ತ 2–2 ಆಗಿ, ಇನ್ನೇನು ಎಕ್ಸ್‌ಟ್ರಾ ಟೈಮ್ ಎನ್ನುವಾಗ ಬಾಗಾನ್‌ನ ಅಪುಯಾ ದೂರದಿಂದ ಒಂದು ಹೊಡೆದರು. ಬಲೆ ಅಲುಗಾಡಿತು, ಫೈನಲ್ ಕೋಲ್ಕತ್ತಾದಲ್ಲೇ ಉಳಿಯಿತು. ಅತ್ತ ಆರ್‌ಸಿಬಿ 12 ರನ್ನುಗಳಿಂದ ಗೆದ್ದಿತ್ತು. ಲಿಫ್ಟಿನಲ್ಲಿ ಸಿಕ್ಕ ಮರಾಠಿ ನೆರೆಯವರು “ಅಭಿನಂದನ್” ಎಂದರು. ನನ್ನ ಸಪ್ಪೆ ಮುಖ ನೋಡಿ ಅವರಿಗೆ ಏನನ್ನಿಸಿತೋ.

ನಮ್ಮ ಆಫೀಸು ಐರೋಲಿಯಲ್ಲಿ. ಡೊಂಬಿವಲಿಯಿಂದ ಥಾಣೆ, ಅಲ್ಲಿಂದ ಟ್ರಾನ್ಸ್-ಹಾರ್ಬರ್ ಗಾಡಿ. ಮಂಗಳವಾರ ಹೋದರೆ ನನ್ನ ತಂಡದ ಟೆಸ್ಟರ್, ಹೌರಾದ ಹುಡುಗ, ಹಸಿರು-ಮೆರೂನ್ ಸ್ಕಾರ್ಫನ್ನು ಕುರ್ಚಿಗೆ ಕಟ್ಟಿದ್ದ. ಏಪ್ರಿಲ್ ಸೆಕೆಯಲ್ಲಿ ಉಣ್ಣೆಯ ಸ್ಕಾರ್ಫ್. ನಾವಿಬ್ಬರೂ ಒಬ್ಬರನ್ನೊಬ್ಬರು ಕೆಣಕುವುದಕ್ಕೆ ಅಂಕಿ-ಅಂಶ ಸಾಕಷ್ಟಿದೆ. ಕಳೆದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ 3–0 ನಾವು ಗೆದ್ದೆವು. ಜನವರಿಯಲ್ಲಿ ಕೋಲ್ಕತ್ತಾದಲ್ಲಿ 1–0 ಅವರು. 2023ರ ಫೈನಲ್ ಗೋವಾದಲ್ಲಿ, 2–2 ಆಗಿ ಪೆನಾಲ್ಟಿಯಲ್ಲಿ ಅವರು. ಅವನ ಕ್ಲಬ್ಬು ಹುಟ್ಟಿದ್ದು 1889ರಲ್ಲಿ, 1911ರಲ್ಲೇ ಬ್ರಿಟಿಷ್ ರೆಜಿಮೆಂಟಿನ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು. ನನ್ನದು ಹುಟ್ಟಿದ್ದು 2013ರಲ್ಲಿ. “ಸರ್, ನಿಮ್ಮ ಕ್ಲಬ್ಬಿಗಿಂತ ನಮ್ಮ ಪ್ರಾಜೆಕ್ಟಿನ ಕೋಡ್ ಹಳೆಯದು” ಅಂದ. ಸುಳ್ಳಲ್ಲ. ನಾನು ಅವನಿಗೆ ಅಹ್ಮದ್ ಖಾನ್ ಹೆಸರು ಹೇಳಿದೆ. ಬೆಂಗಳೂರಿನವರು, 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಆಡಿದವರು, ಹತ್ತು ವರ್ಷ ಕೋಲ್ಕತ್ತಾವನ್ನು ಕುಣಿಸಿದವರು. ಅವನು ನಕ್ಕ: “ಅವರು ಆಡಿದ್ದು ಈಸ್ಟ್ ಬೆಂಗಾಲ್‌ಗೆ ಸರ್, ನಮ್ಮ ಶತ್ರುಗಳಿಗೆ.” ಅದೂ ಸುಳ್ಳಲ್ಲ. ಆದರೆ ನನಗೆ ಹೊಳೆದದ್ದು ಬೇರೆ. ಆಗ ಫುಟ್‌ಬಾಲ್ ಬಲ್ಲ ಬೆಂಗಳೂರಿನ ಹುಡುಗ ಕೋಲ್ಕತ್ತಾಕ್ಕೆ ನೌಕರಿಗೆ ಹೋದ ಹಾಗೆ ಹೋಗುತ್ತಿದ್ದ. ಈಗ ಹೌರಾದ ಹುಡುಗ, ಗದಗಿನ ನಾನು, ಇಬ್ಬರೂ ಐರೋಲಿಗೆ.

ಹೌದು, ನಾನು ಗದಗಿನವನು. ಇದೇ ಈ ವಾರದ ದೊಡ್ಡ ಪ್ರಶ್ನೆ. ಬುಧವಾರ ರಾತ್ರಿ ಅವ್ವನಿಗೆ ಫೋನ್ ಮಾಡಿ, ಶನಿವಾರ ಸಂಜೆ ಮಾತಾಡಲಿಕ್ಕೆ ಆಗುವುದಿಲ್ಲ, ಬೆಂಗಳೂರಿನ ಫೈನಲ್ ಅದ ಎಂದೆ. “ಬೆಂಗಳೂರಿನವ್ರು ಗೆದ್ರ ನಮಗೇನ ಕೊಡ್ತಾರೋ ತಮ್ಮಾ?” ಎಂದಳು. ಪಕ್ಕದಲ್ಲಿ ಕೂತಿದ್ದ ಮಗಳು ಅದನ್ನೇ ಹಿಡಿದುಕೊಂಡಳು: “ಖರೇನ ಪಪ್ಪಾ, ನೀವು ಬೆಂಗಳೂರಿನವ್ರೇ ಅಲ್ಲಲ್ಲ! ಅಲ್ಲಿ ಎಷ್ಟ ವರ್ಷ ಇದ್ರಿ?”

ಎರಡು ವರ್ಷ. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ 2006ರಲ್ಲಿ ಬೆಂಗಳೂರಿಗೆ, 2008ರಲ್ಲಿ ಇಲ್ಲಿಗೆ. ಆ ಎರಡು ವರ್ಷದಲ್ಲಿ ನನಗೆ ಬೆಂಗಳೂರು ಎಂದರೆ ಪೀಜಿ, ಬಸ್ ಪಾಸು, ಮತ್ತು ನನ್ನ ಗದಗಿನ ಕನ್ನಡ ಕೇಳಿ ‘ಸಖತ್ತಾಗಿದೆ ಗುರು’ ಎಂದು ನಗುತ್ತಿದ್ದ ಸಹೋದ್ಯೋಗಿಗಳು. ನಾನು ಅಲ್ಲಿದ್ದಾಗ ಬಿಎಫ್‌ಸಿ ಇರಲೇ ಇಲ್ಲ. ನಾನು ಬಿಟ್ಟ ಐದು ವರ್ಷಕ್ಕೆ ಹುಟ್ಟಿದ ತಂಡ. ಗದಗಿನಲ್ಲಿ ಬೆಳೆಯುವಾಗ ಬೆಂಗಳೂರು ನಮಗೆ ದೂರದ ಸರ್ಕಾರ. ಹುಬ್ಬಳ್ಳಿ ನಮ್ಮದು, ಬೆಂಗಳೂರು ಅವರದು. ಅದು ‘ನಮ್ಮ ಬೆಂಗಳೂರು’ ಆದದ್ದು ಡೊಂಬಿವಲಿಗೆ ಬಂದ ಮೇಲೆ, ಪಕ್ಕದವರು “ತುಮ್ಹೀ ಬ್ಯಾಂಗಲೋರ್‌ಚೆ ಕಾ?” ಎಂದು ಕೇಳಿದಾಗ ಗದಗ ಎಲ್ಲಿದೆ ಎಂದು ನಕಾಶೆ ಬರೆಯುವ ತಾಳ್ಮೆ ಮುಗಿದು, ಹೌದು ಎಂದುಬಿಟ್ಟ ದಿನದಿಂದ. ನಿಮ್ಮಲ್ಲಿ ಎಷ್ಟು ಜನ ಹೀಗೆ ಬೆಂಗಳೂರಿನವರಾಗಿದ್ದೀರಿ?

ಕಂಠೀರವದಲ್ಲಿ ಬಿಎಫ್‌ಸಿ ಆಡುವುದನ್ನು ನಾನು ನೋಡಿದ್ದು ಒಂದೇ ಸಲ. ಅಂಧೇರಿಯಲ್ಲಿ ಏಳೆಂಟು ಸಲ. ಅಂದರೆ ನಾನು ಈ ತಂಡವನ್ನು ಕಂಡದ್ದೇ ಪರರ ಅಂಗಳದಲ್ಲಿ, ಆ ಮೂಲೆಯ ಗ್ಯಾಲರಿಯಿಂದ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಆಜಾದ್ ನಗರ್. ನೀಲಿ ಅಂಗಿಯ ಮೇಲೆ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಗೇಟು ದಾಟಿದ ಮೇಲೆ ಬಿಚ್ಚುವುದು.

2019ರ ಮಾರ್ಚ್ 17ರ ಭಾನುವಾರ ಅಲ್ಲಿಯೇ ಐಎಸ್‌ಎಲ್ ಫೈನಲ್ ನಡೆಯಿತು, ಗೋವಾ ವಿರುದ್ಧ. ನಾವು ನಾಲ್ಕು ಜನ ಹೋಗಿದ್ದೆವು. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್. ಕೊನೆಯ ಲೋಕಲ್‌ನ ಲೆಕ್ಕ ಹಾಕುತ್ತ ಕೂತಿದ್ದಾಗ 117ನೇ ನಿಮಿಷದಲ್ಲಿ ಕಾರ್ನರ್ ಬಂತು, ರಾಹುಲ್ ಭೆಕೆ ತಲೆಯಿಂದ ಹೊಡೆದರು, 1–0. ಬೆಂಗಳೂರು ಮೊದಲ ಸಲ ಐಎಸ್‌ಎಲ್ ಕಪ್ ಎತ್ತಿತು. ಆ ಭೆಕೆ ಮುಂಬಯಿಯವರು. ಮುಂಬಯಿಯ ಹುಡುಗ ನೌಕರಿಗೆ ಬೆಂಗಳೂರಿಗೆ ಹೋಗಿ, ತನ್ನ ಊರಿಗೆ ಅತಿಥಿಯಾಗಿ ಬಂದು, ಕರ್ನಾಟಕದಿಂದ ನೌಕರಿಗೆ ಮುಂಬಯಿಗೆ ಬಂದ ನಮ್ಮನ್ನು ಕುಣಿಸಿದ. ವಾಪಸು ಬರುವಾಗ ಮೆಟ್ರೋದಲ್ಲಿ ಗೋವಾದ ಕಿತ್ತಳೆ ಅಂಗಿಯವರೂ ಇದ್ದರು. ಅವರು ಅಳುತ್ತಿದ್ದರು, ನಾವು ಸುಮ್ಮನಿದ್ದೆವು. ಘಾಟ್ಕೋಪರ್‌ನಲ್ಲಿ ಇಳಿಯುವಾಗ ಅವರಲ್ಲೊಬ್ಬ ನಮ್ಮ ಕೈ ಕುಲುಕಿದ. ಒಂದೇ ಗಾಡಿಯಲ್ಲಿ ಮನೆಗೆ ಹೋಗಬೇಕಾದವರು ಹೇಗೆ ಗೆಲ್ಲಬೇಕು, ಹೇಗೆ ಸೋಲಬೇಕು ಎಂಬುದನ್ನು ಮುಂಬಯಿ ಕಲಿಸಿಯೇ ಕಲಿಸುತ್ತದೆ.

ಗುರುವಾರ ಟ್ರೈನಿನಲ್ಲಿ ನಿಂತು ಒಂದು ಪಟ್ಟಿ ಮಾಡಿದೆ. ಪ್ರಾಜೆಕ್ಟ್ ಮ್ಯಾನೇಜರನಿಗೆ ಎಕ್ಸೆಲ್ ಶೀಟಿಲ್ಲದೆ ಚಿಂತೆಯೂ ಆಗುವುದಿಲ್ಲ. ಬಿಎಫ್‌ಸಿ ಇಲ್ಲಿಯವರೆಗೆ ಗೆದ್ದ ದೊಡ್ಡ ಪ್ರಶಸ್ತಿ ಏಳು. 2014ರ ಐ-ಲೀಗ್ ಖಚಿತವಾದದ್ದು ಗೋವಾದಲ್ಲಿ, ಡೆಂಪೊ ತಂಡವನ್ನು ಅವರ ಅಂಗಳದಲ್ಲೇ 4–2ರಿಂದ ಸೋಲಿಸಿ. 2015ರ ಫೆಡರೇಷನ್ ಕಪ್ ಮತ್ತೆ ಗೋವಾದಲ್ಲಿ. 2017ರ ಫೆಡರೇಷನ್ ಕಪ್ ಕಟಕ್‌ನಲ್ಲಿ, ಇದೇ ಮೋಹನ್ ಬಾಗಾನ್ ವಿರುದ್ಧ, ಎಕ್ಸ್‌ಟ್ರಾ ಟೈಮ್‌ನಲ್ಲಿ 2–0. 2018ರ ಸೂಪರ್ ಕಪ್ ಭುವನೇಶ್ವರದಲ್ಲಿ. 2019ರ ಐಎಸ್‌ಎಲ್ ಅಂಧೇರಿಯಲ್ಲಿ. 2022ರ ಡ್ಯುರಾಂಡ್ ಕಪ್ ನಾಳೆ ಆಡುವ ಸಾಲ್ಟ್ ಲೇಕ್‌ನಲ್ಲೇ, ಮುಂಬೈ ಸಿಟಿ ವಿರುದ್ಧ 2–1. ಸ್ವಂತ ಕಂಠೀರವದಲ್ಲಿ ಗೆದ್ದು ಸಂಭ್ರಮಿಸಿದ್ದು 2016ರ ಐ-ಲೀಗ್ ಒಂದೇ. ಏಳರಲ್ಲಿ ಆರು ಹೊರಗೆ.

ಮನೆಯಲ್ಲಿ ಆದದ್ದೇನು? 2015ರ ಮೇ 31ರಂದು ಕಂಠೀರವದಲ್ಲಿ ಗೆದ್ದರೆ ಐ-ಲೀಗ್ ನಮ್ಮದಾಗುತ್ತಿತ್ತು. ಬಾಗಾನ್‌ಗೆ ಡ್ರಾ ಸಾಕಿತ್ತು. ಮುಂದಿದ್ದ ನಾವು 87ನೇ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟೆವು, ಅವರು ನಮ್ಮ ಅಂಗಳದಲ್ಲಿ ಕಪ್ ಎತ್ತಿದರು. 2018ರ ಐಎಸ್‌ಎಲ್ ಫೈನಲ್ ಕಂಠೀರವದಲ್ಲೇ ಇತ್ತು, ಚೆನ್ನೈ ವಿರುದ್ಧ 2–3 ಸೋತೆವು. ಹೊರಗೆ ಸೋತದ್ದೂ ಇದೆ. 2016ರ ಎಎಫ್‌ಸಿ ಕಪ್ ಫೈನಲ್ ದೋಹಾದಲ್ಲಿ, ಇರಾಕಿನ ವಾಯುಪಡೆಯ ತಂಡದ ಎದುರು 0–1. ಆದರೂ ಆರು ಆರೇ. ರಾಜ್ಯದ ತಂಡದ್ದೂ ಇದೇ ಕತೆ: ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3–2.

ಶೀಟನ್ನು ಗುಂಪಿಗೆ ಕಳಿಸಿದೆ. ನಮ್ಮದು ಆರು ಜನರ ಗುಂಪು. ಗದಗಿನ ನಾನು, ವಾಶಿಯ ಬ್ಯಾಂಕಿನಲ್ಲಿರುವ ಕಾರ್ಕಳದವರು, ಥಾಣೆಯಲ್ಲಿ ಸ್ವಂತ ಕ್ಲಿನಿಕ್ ಇಟ್ಟಿರುವ ಮೈಸೂರಿನ ಡಾಕ್ಟರು, ಕಲ್ಯಾಣ್‌ನ ಒಬ್ಬ ಹುಡುಗ, ಖಾರ್‌ಘರ್‌ನಲ್ಲಿ ಓದುವ ಕಲಬುರಗಿಯ ವಿದ್ಯಾರ್ಥಿ, ಮತ್ತು ಕಾಸರಗೋಡಿನವನೊಬ್ಬ. ಕಾಸರಗೋಡಿನವನ ಸಂಕಟ ಎಲ್ಲರಿಗಿಂತ ದೊಡ್ಡದು. ಅವನ ಶಾಲೆಯ ಗೆಳೆಯರೆಲ್ಲ ಕೇರಳ ಬ್ಲಾಸ್ಟರ್ಸ್. 2023ರ ಮಾರ್ಚ್‌ನಲ್ಲಿ ಛೆಟ್ರಿ ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದರಲ್ಲ, ಆ ವಾರ ಅವನು ಊರಿನ ಫೋನನ್ನೇ ಎತ್ತಲಿಲ್ಲ. ನಾವೆಲ್ಲ ಕರ್ನಾಟಕದಲ್ಲೇ ಇದ್ದಿದ್ದರೆ ಒಬ್ಬರನ್ನೊಬ್ಬರು ಭೇಟಿಯಾಗುತ್ತಿದ್ದೆವೋ ಇಲ್ಲವೋ. ಆದರೂ ಇನ್ನೊಬ್ಬರ ಕನ್ನಡಕ್ಕೆ ನಗುತ್ತಿದ್ದೆವು ಎಂಬುದು ಖಾತ್ರಿ. ಅಂಧೇರಿಯ ಆ ಮೂಲೆಯಲ್ಲಿ ಆರು ಕನ್ನಡವೂ ಒಂದೇ ಹೆಸರನ್ನು ಕೂಗಿದವು.

ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ, ಬೆಳೆದದ್ದು ದೆಹಲಿಯಲ್ಲಿ, ವೃತ್ತಿ ಶುರು ಮಾಡಿದ್ದು ಮೋಹನ್ ಬಾಗಾನ್‌ನಲ್ಲಿ, ಮದುವೆಯಾದದ್ದು ಬಾಗಾನ್‌ನ ಹಳೆಯ ಹುಲಿ ಸುಬ್ರತ ಭಟ್ಟಾಚಾರ್ಯರ ಮಗಳನ್ನು. ನಾಳಿನ ಪಂದ್ಯ ಅವರಿಗೆ ಮಾವನ ಮನೆಯ ಅಂಗಳದಲ್ಲಿ. ತಂಡದ ಮಾಲೀಕರಾದ ಜೆಎಸ್‌ಡಬ್ಲ್ಯು ಕಂಪನಿಯ ಮುಖ್ಯ ಕಚೇರಿ ನಮ್ಮ ಮುಂಬಯಿಯಲ್ಲಿ. ಹಾಗಿದ್ದೂ ಅದು ಬೆಂಗಳೂರಿನ ತಂಡವೇ. ಎಲ್ಲಿಂದಲೋ ಬಂದವರು ಸೇರಿ ಒಂದು ಊರಿನ ಹೆಸರಿಗೆ ಮೈ ಬೆವರಿಸಿದರೆ ಊರು ಅವರದಾಗುತ್ತದೆ. “ಹಂಗಾದ್ರ ನಾನು ಮುಂಬೈ ಸಿಟಿ ಅನ್ನೋದೂ ಸರಿನಲ್ಲ?” ಎಂದಳು. ಸರಿಯೇ. ಅವಳು ಫುಟ್‌ಬಾಲ್‌ಗೆ ಬಿದ್ದದ್ದು 2022ರ ಅಕ್ಟೋಬರ್ 30ರಂದು, ನವಿ ಮುಂಬಯಿಯ ನೆರುಳ್‌ನಲ್ಲಿ, ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ. ಹದಿನೇಳರ ಒಳಗಿನ ಹುಡುಗಿಯರ ವಿಶ್ವಕಪ್ ಫೈನಲ್. ಸ್ಪೇನ್ ಕೊಲಂಬಿಯಾವನ್ನು 1–0ರಿಂದ ಸೋಲಿಸಿತು. ಎರಡೂ ತಂಡಕ್ಕೆ ಅದು ಪರದೇಶ. ಆ ಹುಡುಗಿಯರನ್ನು ನೋಡಿ ಬಂದ ಮರುವಾರದಿಂದ ಅವಳು ಘರ್ಡಾ ಸರ್ಕಲ್ ಕಡೆಯ ಟರ್ಫ್‌ನಲ್ಲಿ ಆಡುತ್ತಾಳೆ. ಅವಳ ಫುಟ್‌ಬಾಲ್ ಹುಟ್ಟಿದ್ದು ಇಲ್ಲಿ, ಮರಾಠಿಯಲ್ಲಿ ಪಾಸ್ ಕೇಳುವ ಗೆಳತಿಯರ ನಡುವೆ.

ಇದನ್ನೆಲ್ಲ ಇಷ್ಟು ಯೋಚಿಸಲಿಕ್ಕೆ ಇನ್ನೊಂದು ಕಾರಣವಿದೆ. ಕಳೆದ ವಾರ ಕಂಪನಿಯಿಂದ ಮೇಲ್ ಬಂದಿದೆ: ಬೆಂಗಳೂರಿನ ಆಫೀಸಿಗೆ ಬರುತ್ತೀರಾ? ಔಟರ್ ರಿಂಗ್ ರೋಡಿನಲ್ಲಿ ಕೂರುವುದು, ಒಂದು ಮೆಟ್ಟಿಲು ಮೇಲಿನ ಹುದ್ದೆ. ಸೋಮವಾರ ಅಂಬೇಡ್ಕರ್ ಜಯಂತಿಯ ರಜೆ, ಹಾಗಾಗಿ ಉತ್ತರ ಮಂಗಳವಾರದೊಳಗೆ ಕೊಡಬೇಕು. ಹದಿನೇಳು ವರ್ಷದಿಂದ ಇಂಥ ಮೇಲ್‌ಗೆ ಕಾಯುತ್ತಿದ್ದೇನೆ ಎಂದೇ ತಿಳಿದಿದ್ದೆ. ಬಂದಾಗ ಮೊದಲು ಕಣ್ಣಿಗೆ ಬಂದದ್ದು ಕಂಠೀರವದ ವೆಸ್ಟ್ ಬ್ಲಾಕ್, ಪ್ರತಿ ಹದಿನೈದು ದಿನಕ್ಕೊಮ್ಮೆ ಹೋಮ್ ಪಂದ್ಯ, ಸುತ್ತಲೂ ನಮ್ಮವರೇ. ಎರಡನೆಯದಾಗಿ ಕಂಡದ್ದು ಟರ್ಫ್‌ನಿಂದ ಮಣ್ಣು ಮೆತ್ತಿದ ಬೂಟು ಹಿಡಿದು ಬರುವ ಮಗಳು. ಈ ಜೂನ್‌ಗೆ ಅವಳು ಒಂಬತ್ತನೆಯ ತರಗತಿ. ಹದಿಮೂರರಲ್ಲಿ ಅವಳನ್ನು ಇಲ್ಲಿಂದ ಕಿತ್ತು, ‘ನಮ್ಮ ಊರಿಗೆ ಹೋಗೋಣ ಬಾ’ ಎಂದರೆ ಅದು ಅವಳ ಪಾಲಿಗೆ ಯಾರ ಊರು? ಅವಳ ಅವೇ ಶುರುವಾಗುವುದು ಅಲ್ಲಿಂದ.

ಹೆಂಡತಿ ಮೂರು ದಿನ ಏನೂ ಹೇಳಲಿಲ್ಲ. ನಿನ್ನೆ ಊಟದ ಹೊತ್ತಿಗೆ, “ರೀ, ನಿಮಗ ಬೆಂಗಳೂರ ಬೇಕೋ, ಬೆಂಗಳೂರಿನ ಟೀಮ್ ಬೇಕೋ? ಟೀಮ್ ಅಂತೂ ವರ್ಷಕ್ಕೊಮ್ಮೆ ತಾನೇ ಅಂಧೇರಿಗೆ ಬರ್ತದ” ಎಂದಳು. ಹತ್ತನೆಯ ತರಗತಿ ಮುಗಿಯುವ 2027ರ ಮಾರ್ಚ್‌ವರೆಗೆ ಇಲ್ಲೇ ಇರುತ್ತೇನೆ ಎಂಬ ಉತ್ತರ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ಆಮೇಲೆ ಕೇಳಿದರೆ ಆಗ ನೋಡೋಣ. ಹುದ್ದೆ ಕಾಯುವುದಿಲ್ಲ, ಗೊತ್ತು. ನಾಳೆ ಗೆದ್ದರೂ ಸೋತರೂ ಆ ಮೇಲ್‌ನ ಒಂದಕ್ಷರವನ್ನೂ ಬದಲಿಸಬಾರದೆಂದು ಇಂದೇ ಬರೆದು ಮುಗಿಸಿದೆ. ಗೆದ್ದ ಅಮಲಿನಲ್ಲಿ ಮನುಷ್ಯ ಯಾವ ಗಾಡಿಗೂ ಟಿಕೆಟ್ ತೆಗೆದುಬಿಡುತ್ತಾನೆ.

ಟಿಕೆಟ್ ಎಂದಾಗ ನೆನಪಾಯಿತು. ಗುಂಪಿನ ಇಬ್ಬರು, ಕಲ್ಯಾಣ್‌ನ ಹುಡುಗ ಮತ್ತು ಕಲಬುರಗಿಯ ವಿದ್ಯಾರ್ಥಿ, ಇವತ್ತು ಬೆಳಿಗ್ಗೆ ಕಲ್ಯಾಣ್‌ನಲ್ಲಿ ಗೀತಾಂಜಲಿ ಎಕ್ಸ್‌ಪ್ರೆಸ್ ಹತ್ತಿದರು. ಸ್ಲೀಪರ್ ಕ್ಲಾಸು. ಡಾಕ್ಟರ ಮನೆಯವರು ಕಟ್ಟಿಕೊಟ್ಟ ಪುಳಿಯೋಗರೆ, ನಮ್ಮ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಾಳೆ ಮಧ್ಯಾಹ್ನ ಹೌರಾ ಮುಟ್ಟಿ, ಬೆಂಗಳೂರಿನಿಂದ ಬರುವವರ ಜೊತೆ ಸೇರಿ ಮೈದಾನಕ್ಕೆ ಹೋಗುತ್ತಾರೆ. ನನ್ನ ಟೆಸ್ಟರ್ ತನ್ನ ತಮ್ಮನ ನಂಬರ್ ಕೊಟ್ಟಿದ್ದಾನೆ, ಸ್ಟೇಷನ್ನಿನಿಂದ ಸಾಲ್ಟ್ ಲೇಕ್‌ಗೆ ದಾರಿ ತೋರಿಸಲಿಕ್ಕೆ. ತಮ್ಮನೂ ಬಾಗಾನ್. ಹುಡುಗರ ಫೋಟೋ ಈಗಷ್ಟೇ ಬಂತು: ಮೇಲಿನ ಬರ್ತಿನ ಸರಪಳಿಗೆ ಕಟ್ಟಿದ ನೀಲಿ ಬಾವುಟ, ಕೆಳಗಿನ ಬರ್ತಿನಲ್ಲಿ ನಿದ್ದೆ ಹೋದ ಯಾರೋ ಅಜ್ಜ. ಗಾಡಿ ಗೊಂದಿಯಾ ದಾಟಿರಬೇಕು.

ಉಳಿದವರು ನಾಳೆ ನಮ್ಮ ಮನೆಯಲ್ಲಿ. ಮಗಳು ಯಾರ ಕಡೆ ಎಂದು ಕೇಳಿದೆ. “ನಮಗ ಐದ ಹೊಡದವರನ್ನ ಸೋಲಸೋರು ಯಾರೋ ಅವರ ಕಡೆ” ಎಂದಿದ್ದಾಳೆ. ಇರಲಿ, ನಮ್ಮ ಹಾಲಿನಲ್ಲೂ ಒಂದು ಮೂಲೆ ಎದುರಾಳಿಗೆ ಬಿಟ್ಟಿರಬೇಕು.

ಒಂದೇ ತೊಡಕು. ನಾಳೆ ರಾತ್ರಿ ನಮ್ಮ ಪ್ರಾಜೆಕ್ಟಿನ ರಿಲೀಸ್, ಹತ್ತು ಗಂಟೆಗೆ ಕಾಲ್. ತೊಂಬತ್ತು ನಿಮಿಷದಲ್ಲಿ ಮುಗಿದರೆ ಚಿಂತೆಯಿಲ್ಲ. ಆದರೆ ಕಟಕ್, ಅಂಧೇರಿ, 2023ರ ಗೋವಾ, ಮೂರೂ ಎಕ್ಸ್‌ಟ್ರಾ ಟೈಮ್‌ಗೆ ಹೋಗಿದ್ದವು. ಇವತ್ತು ಸಂಜೆ ನಾನು ಮತ್ತು ಹೌರಾದ ಹುಡುಗ ಕೂತು, ಈ ವಾರದಲ್ಲಿ ಮೊದಲ ಸಲ ಒಂದೇ ಮಾತಿಗೆ ಒಪ್ಪಿ, ಕಾಲ್ ಅನ್ನು ಹನ್ನೊಂದಕ್ಕೆ ಮುಂದೂಡಿದೆವು. ಕಾರಣ ಬರೆಯುವ ಜಾಗದಲ್ಲಿ ‘ಕೋಲ್ಕತ್ತಾ ಡಿಪೆಂಡೆನ್ಸಿ’ ಎಂದು ಹಾಕಿದ್ದೇವೆ. ಕ್ಲೈಂಟ್ ಒಪ್ಪಿದ್ದಾರೆ.